ಕಾಶಿಯಲ್ಲಿ ಮಧ್ಯರಾತ್ರಿ ರೂಮು ಇಲ್ಲ ಅಂದರು: ಹೊಣೆ ಹೋಟೆಲಿನದೋ, ಏಜೆಂಟನದೋ?

ಪ್ರಶ್ನೆ: ನಾವು ಶಿವಮೊಗ್ಗದ ಒಂದೇ ಬಡಾವಣೆಯವರು. ಹೆಚ್ಚಿನವರು ನಿವೃತ್ತರು. ಕಾರ್ತಿಕ ಹುಣ್ಣಿಮೆಗೆ ಕಾಶಿಗೆ ಹೋಗೋಣ ಅಂತ 44 ಜನ ಸೇರಿದೆವು. ಪಕ್ಕದ ರಸ್ತೆಯ ಒಬ್ಬ ಹಿರಿಯರು ಎಲ್ಲರಿಂದ ಹಣ ಕೂಡಿಸಿ ಬೆಂಗಳೂರಿನ ಟೂರ್ ಏಜೆಂಟರಿಗೆ ಕೊಟ್ಟರು. 22 ರೂಮು, 3 ರಾತ್ರಿ, ರೂಮಿಗೆ ದಿನಕ್ಕೆ 3,200 ರೂಪಾಯಿ, ಒಟ್ಟು 2,11,200. ಏಜೆಂಟ್ ವೌಚರ್ ಕೊಟ್ಟರು, ಅದರಲ್ಲಿ ಹೋಟೆಲಿನ ಬುಕಿಂಗ್ ನಂಬರೂ ಇತ್ತು. ಹೊರಡುವ 12 ದಿನ ಮುಂಚೆ ಹುಷಾರಿಲ್ಲದೆ 6 ಜನ ಹಿಂದೆ ಸರಿದರು. ಅವರ ಹಣ ವಾಪಸ್ ಬರಲ್ಲ ಅಂದರು ಏಜೆಂಟ್. ಹೊರಡುವ 4 ದಿನ ಮುಂಚೆ ನಮ್ಮ ಯಜಮಾನರು ಹೋಟೆಲಿಗೆ ವಾಟ್ಸಾಪ್ ಮಾಡಿ ಕೇಳಿದರು. ‘ಬುಕಿಂಗ್ ಇದೆ, ಬನ್ನಿ’ ಎಂದು ಉತ್ತರ ಬಂತು. ಆದರೆ ರಾತ್ರಿ 11ಕ್ಕೆ ಹೋಟೆಲಿಗೆ ಹೋದರೆ, ‘ಏಜೆಂಟ್ 50 ಸಾವಿರ ಮಾತ್ರ ಕೊಟ್ಟಿದ್ದಾರೆ, ಬಾಕಿ ಬಂದಿಲ್ಲ, ಬುಕಿಂಗ್ ಕ್ಯಾನ್ಸಲ್’ ಅಂದರು. ಬೇಕಾದರೆ 11 ರೂಮು ಇದೆ, ದಿನಕ್ಕೆ 7,000 ಅಂದರು. ವಯಸ್ಸಾದವರಿದ್ದರು, ಬೇರೆ ದಾರಿ ಇರಲಿಲ್ಲ. 2,31,000 ಕೊಟ್ಟೆವು. ಉಳಿದ 16 ಜನ ಜಂಗಮವಾಡಿ ಹತ್ತಿರದ ಒಂದು ಛತ್ರದಲ್ಲಿ ಇದ್ದರು, ಅದಕ್ಕೆ 28,000 ಆಯಿತು. ಹಣ ಕಟ್ಟುವವರೆಗೆ ನಮ್ಮ ಆಧಾರ್ ಕಾರ್ಡುಗಳನ್ನೂ ಕೌಂಟರಿನಲ್ಲೇ ಇಟ್ಟುಕೊಂಡಿದ್ದರು. ಈಗ ಹೋಟೆಲಿನವರು ಏಜೆಂಟನ್ನು ಕೇಳಿ ಅಂತಾರೆ, ಏಜೆಂಟ್ ಹೋಟೆಲನ್ನು ಕೇಳಿ ಅಂತಾರೆ. ಹಣ ಕೂಡಿಸಿದ ಹಿರಿಯರ ಮೇಲೂ ಕೇಸು ಹಾಕಬೇಕು ಅಂತ ಕೆಲವರು ಹೇಳುತ್ತಿದ್ದಾರೆ. ಅವರೂ ನಮ್ಮಷ್ಟೇ ಹಣ ಹಾಕಿದವರು. ಏನು ಮಾಡಬೇಕು?

ಉತ್ತರ: ಮೊದಲು ಆ ಹಿರಿಯರ ವಿಷಯ ಮುಗಿಸಿಬಿಡೋಣ. ಅವರನ್ನು ಬಿಟ್ಟುಬಿಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಸೇವೆ’ ಅಂದರೆ ಏನು ಎಂದು ಬರೆದಿದೆ. ಪುಕ್ಕಟೆಯಾಗಿ ಮಾಡಿಕೊಟ್ಟ ಕೆಲಸ ಅದರೊಳಗೆ ಬರುವುದಿಲ್ಲ. ತಲೆಗೆ 500 ರೂಪಾಯಿ ಇಟ್ಟುಕೊಂಡಿದ್ದರೆ ಅಥವಾ ಏಜೆಂಟರ ಖರ್ಚಿನಲ್ಲಿ ಪುಕ್ಕಟೆ ಪ್ರಯಾಣ ಮಾಡಿದ್ದರೆ ಮಾತು ಬೇರೆ ಇತ್ತು. ನಿಮ್ಮ ಹಾಗೇ ದುಡ್ಡು ಹಾಕಿ, ನಿಮ್ಮ ಹಾಗೇ ರಾತ್ರಿ ಹನ್ನೊಂದಕ್ಕೆ ಬೀದಿಯಲ್ಲಿ ನಿಂತವರು ಅವರು. ಹಣ ಹೋದ ದಾರಿಗೆ ಅವರ ಬ್ಯಾಂಕ್ ಖಾತೆಯೇ ಸಾಕ್ಷಿ. ಅವರನ್ನು ಎದುರಾಳಿ ಮಾಡಿಕೊಂಡರೆ ನಿಮ್ಮ ಕೇಸಿನ ಅತಿ ಮುಖ್ಯ ಸಾಕ್ಷಿಯನ್ನು ನೀವೇ ಕಳೆದುಕೊಂಡ ಹಾಗೆ.

ಇನ್ನು ಹೋಟೆಲ್ ಮತ್ತು ಏಜೆಂಟ್. ಇಂಥ ಕೇಸುಗಳಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಹೋಟೆಲ್ ನೇರವಾಗಿ ನಿಮಗೆ ಏನಾದರೂ ಹೇಳಿತ್ತಾ? ಗುಂಪಿನ ಬುಕಿಂಗ್ ನಮ್ಮ ನಿಮ್ಮ ಮನೆ ಬುಕಿಂಗಿನ ಹಾಗಲ್ಲ. ಹೋಟೆಲಿನವರು ಏಜೆಂಟರಿಗೆ ಇಷ್ಟು ರೂಮು ‘ಬ್ಲಾಕ್’ ಮಾಡಿ ಇಡುತ್ತಾರೆ. ಇಂಥ ದಿನದೊಳಗೆ ಹಣ ಬರಬೇಕು, ಯಾವ ರೂಮಿಗೆ ಯಾರು ಎಂಬ ಪಟ್ಟಿ (ರೂಮಿಂಗ್ ಲಿಸ್ಟ್) ಬರಬೇಕು, ಇಲ್ಲವಾದರೆ ರೂಮು ಬಿಟ್ಟುಕೊಡುತ್ತೇವೆ ಎಂದು ಒಂದು ಗಡುವು ಇರುತ್ತದೆ. ಅದನ್ನು ರಿಲೀಸ್ ಡೇಟ್ ಅಂತಾರೆ. ಈ ಗಡುವಿನ ವಿಷಯ ಏಜೆಂಟರಿಗೆ ಗೊತ್ತು, ಹೋಟೆಲಿಗೆ ಗೊತ್ತು. ರೂಮಿನಲ್ಲಿ ಮಲಗಬೇಕಾದವರಿಗೆ ಮಾತ್ರ ಗೊತ್ತಿರುವುದಿಲ್ಲ. ಏಜೆಂಟ್ ಹಣ ಕಟ್ಟದೆ ಗಡುವು ಮುಗಿದು ಹೋಟೆಲ್ ಬ್ಲಾಕ್ ಬಿಟ್ಟರೆ, ಸಾಮಾನ್ಯವಾಗಿ ಹೋಟೆಲಿನ ತಪ್ಪು ಕಡಿಮೆ. ಏಜೆಂಟರದೇ ಪೂರ್ತಿ ತಪ್ಪು.

ಆದರೆ ನಿಮ್ಮ ಕೇಸಿನಲ್ಲಿ ಆ ವಾಟ್ಸಾಪ್ ಇದೆಯಲ್ಲ, ಅದು ಎಲ್ಲವನ್ನೂ ಬದಲಾಯಿಸುತ್ತದೆ. ಹೊರಡುವ 4 ದಿನ ಮುಂಚೆ ‘ಬುಕಿಂಗ್ ಇದೆ, ಬನ್ನಿ’ ಅಂದರು. ಬಾಕಿ ಬಂದಿಲ್ಲ ಅನ್ನುವುದು ಅವತ್ತೇ ಅವರ ಪುಸ್ತಕದಲ್ಲಿ ಇತ್ತು. ‘ನಿಮ್ಮ ಏಜೆಂಟ್ ಇನ್ನೂ ಹಣ ಕಟ್ಟಿಲ್ಲ’ ಎಂದು ಒಂದು ಸಾಲು ಬರೆದಿದ್ದರೆ ನೀವು ಏಜೆಂಟರ ಕುತ್ತಿಗೆ ಹಿಡಿಯುತ್ತಿದ್ದಿರಿ, ಅಥವಾ ಬೇರೆ ಕಡೆ ರೂಮು ನೋಡುತ್ತಿದ್ದಿರಿ. ಅವರ ಮಾತು ನಂಬಿ ರೈಲು ಹತ್ತಿದಿರಿ. ಏಜೆಂಟರಿಗೆ ಅಧಿಕಾರ ಇದೆ ಎಂದು ಮೂರನೆಯವರು ನಂಬುವ ಹಾಗೆ ಹೋಟೆಲ್ ನಡೆದುಕೊಂಡರೆ, ಆಮೇಲೆ ‘ಅವನು ಯಾರೋ ಗೊತ್ತಿಲ್ಲ’ ಅನ್ನುವ ಹಾಗಿಲ್ಲ. 1872ರ ಕರಾರು ಕಾಯ್ದೆಯ 237ನೇ ಸೆಕ್ಷನ್ ಹೇಳುವುದು ಇದನ್ನೇ. ವೌಚರಿನಲ್ಲಿರುವ ಬುಕಿಂಗ್ ನಂಬರ್ ಹೋಟೆಲಿನದೇ ಆಗಿದ್ದರೆ ಈ ವಾದ ಇನ್ನೂ ಗಟ್ಟಿ.

ನನಗೆ ಇದಕ್ಕಿಂತ ಗಂಭೀರವಾಗಿ ಕಂಡದ್ದು ಇನ್ನೊಂದಿದೆ. 50 ಸಾವಿರ ಹೋಟೆಲಿನಲ್ಲೇ ಉಳಿದಿದೆ. ಬುಕಿಂಗ್ ಕ್ಯಾನ್ಸಲ್ ಅಂದರು. ಅದೇ ರಾತ್ರಿ, ಅದೇ ಹೋಟೆಲಿನಲ್ಲಿ, ಅದೇ ಜನರಿಗೆ 11 ರೂಮು ಎರಡು ಪಟ್ಟಿಗಿಂತ ಜಾಸ್ತಿ ದರಕ್ಕೆ ಕೊಟ್ಟರು. ಅಂದರೆ ರೂಮು ಇತ್ತು! ಕಾರ್ತಿಕ ಹುಣ್ಣಿಮೆ ಅಂದರೆ ಕಾಶಿಯಲ್ಲಿ ದೇವ ದೀಪಾವಳಿ. ಘಾಟುಗಳ ತುಂಬ ದೀಪ, ಊರ ತುಂಬ ಜನ, ರೂಮಿಗೆ ಚಿನ್ನದ ಬೆಲೆ. 3,200ಕ್ಕೆ ಒಪ್ಪಿದ ಗುಂಪನ್ನು ಬಿಟ್ಟು 7,000ಕ್ಕೆ ಮಾರುವ ಆಸೆ ಯಾರಿಗೂ ಬರಬಹುದು. ಹಾಗೇ ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಗ್ರಾಹಕ ಆಯೋಗದ ಮುಂದೆ ಈ ಪ್ರಶ್ನೆ ಎತ್ತಿ. ಆ ಮೂರು ರಾತ್ರಿಯ ರೂಮು ರಿಜಿಸ್ಟರ್ ಮತ್ತು ಕ್ಯಾನ್ಸಲ್ ಮಾಡಿದ ದಿನದ ದಾಖಲೆ ತರಿಸಬೇಕು ಎಂದು ಅರ್ಜಿ ಹಾಕಿ. ದಾಖಲೆ ತರಿಸುವ ವಿಷಯದಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರ ಇದೆ. ಕ್ಯಾನ್ಸಲ್ ಮಾಡಿದ್ದು ಯಾವತ್ತು, ಯಾರಿಗೆ ತಿಳಿಸಿದರು, ಎಂಬ ಎರಡು ಪ್ರಶ್ನೆಗೆ ಹೋಟೆಲ್ ಕಾಗದ ತೋರಿಸಿ ಉತ್ತರ ಹೇಳಲೇಬೇಕಾಗುತ್ತದೆ.

‘ನೀವು ನಮಗೆ ಹಣ ಕೊಟ್ಟೇ ಇಲ್ಲ, ನೀವು ನಮ್ಮ ಗ್ರಾಹಕರೇ ಅಲ್ಲ’ ಎಂದು ಹೋಟೆಲಿನ ವಕೀಲರು ಖಂಡಿತ ಹೇಳುತ್ತಾರೆ. ಹೆದರಬೇಡಿ. ಹಣ ಕೊಟ್ಟವನಷ್ಟೇ ಅಲ್ಲ, ಅವನ ಒಪ್ಪಿಗೆಯಿಂದ ಸೇವೆ ಪಡೆಯುವವನೂ ಗ್ರಾಹಕ ಎಂದು ಗ್ರಾಹಕ ಸಂರಕ್ಷಣಾ ಕಾಯ್ದೆಯ 2(7)ನೇ ಸೆಕ್ಷನ್ ಹೇಳುತ್ತದೆ. ಮಗ ದುಡ್ಡು ಕಟ್ಟಿ ತಾಯಿ ಆಸ್ಪತ್ರೆಗೆ ಸೇರಿದರೆ ತಾಯಿಯೂ ಗ್ರಾಹಕಿಯೇ, ಅಲ್ವಾ? ಅದೇ ಲೆಕ್ಕ. ಮೇಲಾಗಿ 11 ರೂಮಿನ ಹಣವನ್ನು ನೀವೇ ನೇರವಾಗಿ ಕೊಟ್ಟಿದ್ದೀರಿ.

ಆಮೇಲೆ ‘ವೌಚರಿನ ಹಿಂದೆ ಬರೆದಿದೆ, ನಾನ್-ರಿಫಂಡೆಬಲ್’ ಎನ್ನುವ ಮಾತು. ಚೀಟಿಯ ಹಿಂದೆ ಅಚ್ಚು ಹಾಕಿದ್ದೆಲ್ಲ ಕಾನೂನಲ್ಲ. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ವ್ಯಾಲೆಗೆ (ಕಾರು ನಿಲ್ಲಿಸಿಕೊಡುವ ಸಿಬ್ಬಂದಿಗೆ) ಕೊಟ್ಟ ಕಾರು ಕಳುವಾದ ಕೇಸಿನಲ್ಲಿ, ಪಾರ್ಕಿಂಗ್ ಚೀಟಿಯಲ್ಲಿ ‘ಕಾರಿನ ಮಾಲೀಕರದೇ ಜವಾಬ್ದಾರಿ’ ಎಂದು ಬರೆದಿತ್ತು. ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ಒಪ್ಪಲಿಲ್ಲ. ತನ್ನದೇ ಅಜಾಗ್ರತೆಗೆ ಹೋಟೆಲ್ ಇಂಥ ಸಾಲಿನ ಹಿಂದೆ ಅಡಗಿಕೊಳ್ಳುವ ಹಾಗಿಲ್ಲ ಎಂದಿತು. ನಿಮ್ಮದು ಕಾರಿನ ಕೇಸಲ್ಲ, ಆದರೂ ಅದೇ ದಾರಿಯ ವಾದ ಇಲ್ಲಿಗೂ ಹೊಂದುತ್ತದೆ. ಅಲ್ಲದೆ ಒಂದು ಪಕ್ಷ ಸರಿಯಾದ ಕಾರಣ ಇಲ್ಲದೆ ತಾನೇ ಕರಾರು ಮುರಿಯಬಹುದು ಎನ್ನುವ ಷರತ್ತನ್ನೂ, ಆದ ನಷ್ಟಕ್ಕೆ ತಾಳಮೇಳವೇ ಇಲ್ಲದ ದಂಡವನ್ನೂ ಈ ಕಾಯ್ದೆ ‘ಅನ್ಯಾಯದ ಕರಾರು’ ಎಂದು ಕರೆಯುತ್ತದೆ. ಇಲ್ಲೊಂದು ತೊಡಕಿದೆ. ‘ಈ ಕರಾರೇ ಅನ್ಯಾಯ, ರದ್ದು ಮಾಡಿ’ ಎಂದು ಕೇಳುವ ದೂರು ಜಿಲ್ಲಾ ಆಯೋಗಕ್ಕೆ ಹೋಗುವುದಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ನಿಮಗೆ ಅದು ಬೇಡ. ‘ಸೇವೆಯಲ್ಲಿ ಕೊರತೆ’ ಮತ್ತು ‘ಅನುಚಿತ ವ್ಯಾಪಾರ ಪದ್ಧತಿ’ ಎಂದು ಬರೆದು ಜಿಲ್ಲೆಯಲ್ಲೇ ಹಾಕಿ. ಹಣ ಬರುವುದು ಮುಖ್ಯ, ಪದ ಅಲ್ಲ.

ಈಗ ಲೆಕ್ಕ. ಇದರಲ್ಲೇ ಎಲ್ಲರೂ ಎಡವುವುದು. ಸಿಟ್ಟಿನಲ್ಲಿ ‘ಮೊದಲ ಹಣವೂ ಬೇಕು, ಎರಡನೇ ಹಣವೂ ಬೇಕು, ಮೇಲೆ ಹತ್ತು ಲಕ್ಷ ಪರಿಹಾರ’ ಎಂದು ಬರೆಸುತ್ತಾರೆ. ಆಯೋಗದವರಿಗೆ ನಗು ಬರುತ್ತದೆ. ಕರಾರು ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ, ಕರಾರು ನಡೆದಿದ್ದರೆ ನೀವು ಎಲ್ಲಿರುತ್ತಿದ್ದಿರೋ ಅಲ್ಲಿಗೆ ನಿಮ್ಮನ್ನು ತಂದು ನಿಲ್ಲಿಸಬೇಕು, ಅಷ್ಟೇ. ಕಾಶಿಗೆ ಹೋದ 38 ಜನರಿಗೆ ಬೇಕಾದದ್ದು 19 ರೂಮು. ಕರಾರಿನ ಬೆಲೆ 1,82,400. ಅದನ್ನು ಒಮ್ಮೆ ಕೊಟ್ಟಾಗಿತ್ತು. ಆಮೇಲೆ ಹೋಟೆಲಿಗೆ 2,31,000, ಛತ್ರಕ್ಕೆ 28,000 ಕೊಟ್ಟಿರಿ. ಹಾಗಾಗಿ ಎರಡನೇ ಸಲ ಕೈಯಿಂದ ಕೊಟ್ಟ 2,59,000 ರೂಪಾಯಿಯೇ ನಿಮ್ಮ ನಷ್ಟ. ಬೇರೆ ದಾರಿಯಲ್ಲಿ ಲೆಕ್ಕ ಹಾಕಿದರೂ ಅದೇ ಬರುತ್ತದೆ. ಕೊಟ್ಟ 1,82,400 ವಾಪಸ್. 11 ರೂಮಿಗೆ ಕೊಟ್ಟ ಹೆಚ್ಚುವರಿ 1,25,400 ಕೂಡಿಸಿ. ಛತ್ರದಲ್ಲಿದ್ದವರಿಗೆ ಉಳಿದ 48,800 ಕಳೆಯಿರಿ. 2,59,000. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬಿಡಿಸಿ ಬರೆದು ದೂರಿಗೆ ಲಗತ್ತಿಸಿ. ಲೆಕ್ಕ ಪ್ರಾಮಾಣಿಕವಾಗಿದ್ದರೆ ಉಳಿದ ಮಾತಿಗೂ ಬೆಲೆ ಬರುತ್ತದೆ.

ಛತ್ರದವರು ಕೇಳುತ್ತಾರೆ, ‘ನಮಗೆ ಎಸಿ ರೂಮು ಹೋಗಿ ಚಾಪೆ ಸಿಕ್ಕಿತು, ಉಳಿತಾಯ ಅಂತ ಕಳೆಯೋದಾ?’ ನ್ಯಾಯವಾದ ಪ್ರಶ್ನೆ. ಅದನ್ನು ಮಾನಸಿಕ ಯಾತನೆಯ ಪರಿಹಾರದಲ್ಲಿ ಕೇಳಿ. ಯಾರಿಗೆ ಮಂಡಿ ನೋವು, ಯಾರು ಇನ್ಸುಲಿನ್ ತಗೊಳ್ಳುವವರು, ಎಷ್ಟು ಹೊತ್ತು ಹೊರಗೆ ಕೂತಿದ್ದರು ಎಂದು ಹೆಸರು ಹಿಡಿದು ಬರೆಯಿರಿ. ಸುಮ್ನೆ ‘ತುಂಬಾ ತೊಂದರೆ ಆಯಿತು’ ಎಂದರೆ ಆಯೋಗ ಸಣ್ಣ ಮೊತ್ತ ಹಾಕಿ ಮುಗಿಸುತ್ತದೆ.

ಹಿಂದೆ ಸರಿದ 6 ಜನರ 28,800 ಬೇರೆ ವಿಷಯ. ಅಲ್ಲಿ ಮನಸ್ಸು ಬದಲಾಯಿಸಿದವರು ನೀವು, ಕಾರಣ ಕಾಯಿಲೆಯೇ ಇರಲಿ. ಹಾಗಾಗಿ ಸ್ವಲ್ಪ ಕಡಿತ ಆಗಬಹುದು. ಆದರೆ ಪೂರ್ತಿ ನುಂಗುವ ಹಾಗಿಲ್ಲ. ಕರಾರಿನಲ್ಲಿ ದಂಡ ಎಷ್ಟೇ ಬರೆದಿರಲಿ, ಅದರ ಮಿತಿಯೊಳಗೆ ‘ನ್ಯಾಯವಾದ ಪರಿಹಾರ’ ಮಾತ್ರ ಸಿಗುತ್ತದೆ ಎಂದು ಕರಾರು ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಏಜೆಂಟ್ ಹೋಟೆಲಿಗೆ ಕಟ್ಟಿದ್ದೇ 50 ಸಾವಿರ. ಆ ಮೂರು ರೂಮಿಗಾಗಿ ತನ್ನ ಕೈಯಿಂದ ಏನು ಕಳೆದುಕೊಂಡೆ ಎಂದು ಅವರು ತೋರಿಸಲಿ. ‘ಜಿಎಸ್‌ಟಿ ಸರ್ಕಾರಕ್ಕೆ ಹೋಯಿತು, ಅದು ವಾಪಸ್ ಬರಲ್ಲ’ ಎಂಬ ನೆಪ ಹೇಳಿದರೆ ಒಪ್ಪಬೇಡಿ. ಮುಂಗಡ ತಗೊಂಡು ಸೇವೆ ಕೊಡದಿದ್ದಾಗ ರಿಫಂಡ್ ವೌಚರ್ ಕೊಡುವ ವ್ಯವಸ್ಥೆ ಜಿಎಸ್‌ಟಿ ಕಾಯ್ದೆಯಲ್ಲೇ ಇದೆ.

ಆಧಾರ್ ಕಾರ್ಡ್ ಹಿಡಿದಿಟ್ಟುಕೊಂಡದ್ದು ನನಗೆ ಸಿಟ್ಟು ತರಿಸಿತು. ಹೋಟೆಲ್ ಗುರುತಿನ ಚೀಟಿ ಕೇಳಬಹುದು, ನೋಡಬಹುದು, ವಿವರ ಬರೆದುಕೊಳ್ಳಬಹುದು. ಬಾಕಿಗೆ ಅಡವು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಅದೂ ಬೇರೆಯವನ ಬಾಕಿಗೆ! ಒಟ್ಟು ಬಾಕಿಗಾಗಿ ವಸ್ತು ಹಿಡಿದಿಟ್ಟುಕೊಳ್ಳಬಹುದಾದವರ ಪಟ್ಟಿಯೊಂದು ಕರಾರು ಕಾಯ್ದೆಯ 171ನೇ ಸೆಕ್ಷನ್ನಿನಲ್ಲಿದೆ. ಬ್ಯಾಂಕಿನವರಿದ್ದಾರೆ, ಹೈಕೋರ್ಟ್ ವಕೀಲರಿದ್ದಾರೆ, ಇನ್ನೂ ಕೆಲವರಿದ್ದಾರೆ. ಹೋಟೆಲಿನವರ ಹೆಸರಿಲ್ಲ. ಬ್ಯಾಗು ಕೊಡಲ್ಲ, ಕಾರ್ಡು ಕೊಡಲ್ಲ, ಹೊರಗೆ ಬಿಡಲ್ಲ ಅಂದರೆ ಸ್ಥಳದಲ್ಲೇ 112ಕ್ಕೆ ಫೋನ್ ಮಾಡಬೇಕು. ಜನರನ್ನು ತಡೆದು ನಿಲ್ಲಿಸುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ನಿಮ್ಮ ದೂರಿನಲ್ಲಿ ಈ ಸಂಗತಿಯನ್ನು ಮರೆಯದೆ ಸೇರಿಸಿ. ನೀವು 7,000ಕ್ಕೆ ಖುಷಿಯಿಂದ ಒಪ್ಪಿದಿರಿ ಎಂದು ಅವರು ಹೇಳಲು ಹೊರಟರೆ, ಕಾರ್ಡು ಅವರ ಕೈಯಲ್ಲಿತ್ತು ಎಂಬ ಮಾತೇ ಉತ್ತರ.

ಅಂಥ ರಾತ್ರಿಯಲ್ಲಿ ಹಣ ಕಟ್ಟುವುದು ತಪ್ಪಲ್ಲ. ಕಟ್ಟುವಾಗ ಬಿಲ್ಲಿನ ಮೇಲೆ ‘ಆಕ್ಷೇಪಣೆಯೊಂದಿಗೆ ಕಟ್ಟಿದ್ದೇವೆ, ಬುಕಿಂಗ್ ನಂಬರ್ ಇಂಥದ್ದು’ ಎಂದು ಕೈಯಲ್ಲೇ ಬರೆದು ಫೋಟೋ ತೆಗೆದರೆ ಸಾಕು. ನೀವು ಬರೆದಿಲ್ಲ ಅನ್ನಿಸುತ್ತದೆ. ಪರವಾಗಿಲ್ಲ. ನಾನೇ ಒಮ್ಮೆ, ತಂಗಿಯ ಮದುವೆಗೆ ಹಿಡಿದ ರೂಮುಗಳು ಕೈಕೊಟ್ಟಾಗ, ವಕೀಲನಾಗಿದ್ದೂ ರಿಸೆಪ್ಷನ್ನಿನಲ್ಲಿ ಅರ್ಧ ಗಂಟೆ ಕೂಗಾಡಿ, ಒಂದು ಚೂರು ಕಾಗದವನ್ನೂ ತಗೊಳ್ಳದೆ ಹೊರಬಂದಿದ್ದೆ. ಮರುದಿನ ಬರೆದ ಮೇಲ್ ಕೂಡ ಸಾಕ್ಷಿಯೇ. ಕಾಶಿಯಿಂದ ಏಜೆಂಟರಿಗೆ ಕಳಿಸಿದ ಮೆಸೇಜುಗಳು, ಆ ರಾತ್ರಿಯ ಕಾಲ್ ಪಟ್ಟಿ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಪೊಲೀಸ್ ಕೇಸು? ಏಜೆಂಟ್ ಮೊದಲಿಂದಲೂ ಮೋಸದ ಉದ್ದೇಶ ಇಟ್ಟುಕೊಂಡಿದ್ದರೆ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಪ್ರಕಾರ ವಂಚನೆ. ಆದರೆ 50 ಸಾವಿರ ಕಟ್ಟಿದ್ದಾರೆ, ಬುಕಿಂಗ್ ನಂಬರ್ ತಂದಿದ್ದಾರೆ. ‘ಕೊಡುವ ಮನಸ್ಸಿತ್ತು, ಕೈ ಸಾಲಲಿಲ್ಲ’ ಅನ್ನುತ್ತಾರೆ. ಪೊಲೀಸರು ಸಿವಿಲ್ ವಿಷಯ ಎಂದು ಕಳಿಸುವ ಸಾಧ್ಯತೆ ಜಾಸ್ತಿ. ಇದೇ ಏಜೆಂಟ್ ಅದೇ ತಿಂಗಳು ಇನ್ನೆರಡು ಗುಂಪಿಗೆ ಹೀಗೇ ಮಾಡಿದ್ದಾರೆ ಎಂದು ಗೊತ್ತಾದರೆ ಆಗ ಠಾಣೆಗೆ ಹೋಗಿ.

ಆ್ಯಪ್ ಮೂಲಕ ಬುಕ್ ಮಾಡಿದವರಿಗೆ ಒಂದು ಮಾತು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಥ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ತಾನು ಕ್ಯಾನ್ಸಲ್ ಮಾಡಿದಾಗ ತಾನೂ ಅಷ್ಟೇ ಶುಲ್ಕ ಕೊಡದ ಕಂಪನಿ, ಗ್ರಾಹಕರಿಂದ ಕ್ಯಾನ್ಸಲೇಷನ್ ಶುಲ್ಕ ತಗೊಳ್ಳುವ ಹಾಗಿಲ್ಲ.

ಎಲ್ಲಿ ಕೇಸು ಹಾಕಬೇಕು? ಶಿವಮೊಗ್ಗದಲ್ಲೇ. ಹಳೆಯ 1986ರ ಕಾಯ್ದೆಯಾಗಿದ್ದರೆ ಬೆಂಗಳೂರಿಗೋ ವಾರಾಣಸಿಗೋ ಅಲೆಯಬೇಕಿತ್ತು. 2020ರ ಜುಲೈ 20ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ದೂರುದಾರರು ಇರುವ ಊರಿನಲ್ಲೇ ದೂರು ಕೊಡಬಹುದು. ವೌಚರಿನಲ್ಲಿ ‘ವಾರಾಣಸಿ ಕೋರ್ಟಿಗೆ ಮಾತ್ರ ಒಳಪಟ್ಟಿದೆ’ ಎಂದಿದ್ದರೂ ಗ್ರಾಹಕ ಆಯೋಗದಲ್ಲಿ ಆ ಸಾಲು ಸಾಮಾನ್ಯವಾಗಿ ನಿಲ್ಲುವುದಿಲ್ಲ. ನೀವು ಕೊಟ್ಟ ಹಣ 50 ಲಕ್ಷದೊಳಗಿದೆ, ಆದ್ದರಿಂದ ಜಿಲ್ಲಾ ಆಯೋಗ. 5 ಲಕ್ಷದೊಳಗಿದೆ, ಆದ್ದರಿಂದ ಶುಲ್ಕವೂ ಇಲ್ಲ. ವಕೀಲರು ಕಡ್ಡಾಯ ಅಲ್ಲ (ವಕೀಲನಾಗಿ ಇದನ್ನು ಹೇಳುವುದು ಹೊಟ್ಟೆಪಾಡಿಗೆ ಒಳ್ಳೆಯದಲ್ಲ, ಆದರೂ ಸತ್ಯ). ಘಟನೆ ಆಗಿ 2 ವರ್ಷದೊಳಗೆ ದೂರು ದಾಖಲಾಗಬೇಕು. ‘ಕೊಡ್ತೀನಿ, ಮುಂದಿನ ತಿಂಗಳು ಕೊಡ್ತೀನಿ’ ಎಂದು ಏಜೆಂಟ್ ಎಳೆದಾಡಿದರೂ ಗಡಿಯಾರ ಓಡುತ್ತಲೇ ಇರುತ್ತದೆ.

ಹೋಟೆಲ್ ಮತ್ತು ಏಜೆಂಟ್ ಇಬ್ಬರನ್ನೂ ಒಂದೇ ದೂರಿನಲ್ಲಿ ಎದುರಾಳಿ ಮಾಡಿ. ಒಬ್ಬರನ್ನೇ ಮಾಡಿದರೆ ಬಂದವರು ಬಾರದವರ ಮೇಲೆ ಹೊರಿಸಿ ಪಾರಾಗುತ್ತಾರೆ. ಇಬ್ಬರೂ ಜಂಟಿಯಾಗಿ ಹೊಣೆ ಎಂದು ಕೇಳಿ. ಅವರೊಳಗೆ ಯಾರು ಎಷ್ಟು ಎಂಬ ಜಗಳ ಅವರದು.

44 ಜನ ಒಟ್ಟಿಗೆ ಹಾಕಬಹುದಾ? ಬೆಂಗಳೂರಿನ ಬ್ರಿಗೇಡ್ ಎಂಟರ್‌ಪ್ರೈಸಸ್ ವಿರುದ್ಧದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ಇದನ್ನು ಬಿಡಿಸಿ ಹೇಳಿತು. ಅಲ್ಲಿ 91 ಜನ ಫ್ಲ್ಯಾಟ್ ಕೊಂಡವರಿದ್ದರು. ಎಲ್ಲ ಗ್ರಾಹಕರ ಪರವಾಗಿ ಹಾಕುವ ಪ್ರಾತಿನಿಧಿಕ ದೂರು ಬೇರೆ, ಅದಕ್ಕೆ ಆಯೋಗದ ಅನುಮತಿ ಬೇಕು. ತಮ್ಮ ತಮ್ಮ ಪರವಾಗಿ ಕೆಲವರು ಸೇರಿ ಹಾಕುವ ಜಂಟಿ ದೂರು ಬೇರೆ. ನಿಮಗೆ ಎರಡನೆಯದೇ ಸರಿ. ಸಹಿ ಹಾಕುವವರೆಲ್ಲ ದೂರುದಾರರಾಗಲಿ, ಆಯೋಗಕ್ಕೆ ಓಡಾಡಲು ಇಬ್ಬರಿಗೆ ಅಧಿಕಾರಪತ್ರ ಕೊಡಿ. ಸಹಿ ಹಾಕದವರಿಗೆ ಆದೇಶದ ಹಣ ಸಿಗುವುದಿಲ್ಲ, ಇದನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ. ಆಮೇಲೆ ಬಡಾವಣೆಯಲ್ಲಿ ಮುಖ ನೋಡುವುದು ಕಷ್ಟ.

ದೂರಿಗೆ ಮುಂಚೆ ಇಬ್ಬರಿಗೂ ನೋಟಿಸ್ ಕಳಿಸಿ. ಕಡ್ಡಾಯ ಅಲ್ಲ, ಆದರೆ ಅರ್ಧ ಜಗಳ ಅಲ್ಲೇ ಮುಗಿಯುವುದುಂಟು. ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಹಾಗಾಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. 15 ದಿನ ಕೊಡಿ. ಜೊತೆಗೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ನೋಂದಾಯಿಸಿ. ಅವರು ಆದೇಶ ಮಾಡುವವರಲ್ಲ, ಮಾತುಕತೆ ಮಾಡಿಸುವವರು. ದೂರನ್ನು ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು. ಕಾಯ್ದೆಯಲ್ಲಿ ಮೂರು ತಿಂಗಳಲ್ಲಿ ತೀರ್ಮಾನ ಎಂದಿದೆ. ನಿಜದಲ್ಲಿ ಅದಕ್ಕಿಂತ ಜಾಸ್ತಿ ಆಗುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಗೆದ್ದ ಮೇಲೆ ಅವರು ಮೇಲ್ಮನವಿ ಹಾಕಬೇಕಾದರೆ ಆದೇಶದ ಅರ್ಧ ಹಣ ಮೊದಲು ಕಟ್ಟಬೇಕು, ಅದೂ ಬೆಂಗಳೂರಿನ ರಾಜ್ಯ ಆಯೋಗದಲ್ಲೇ. ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಅಥವಾ ಕನಿಷ್ಠ 25 ಸಾವಿರ ದಂಡ, ಇಲ್ಲವೇ ಎರಡೂ. ಕಾಶಿಯ ಹೋಟೆಲಿಗೆ ಶಿವಮೊಗ್ಗ ದೂರ ಅನ್ನಿಸಿದಾಗ ರಾಜಿಗೆ ಬರುವ ಸಾಧ್ಯತೆ ಇದೆ. ಬಂದರೆ 2,59,000ಕ್ಕಿಂತ ಕೆಳಗೆ ಇಳಿಯುವ ಮುಂಚೆ ಛತ್ರದಲ್ಲಿದ್ದ 16 ಜನರನ್ನು ಒಂದು ಮಾತು ಕೇಳಿ.

ಈ ವಾರವೇ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಯಜಮಾನರ ಫೋನಿನಲ್ಲಿರುವ ಆ ವಾಟ್ಸಾಪ್ ಮಾತುಕತೆಯನ್ನು ಅಳಿಸಬೇಡಿ, ಫೋನ್ ಬದಲಿಸಬೇಡಿ. ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಮಾಡಿ ಎರಡು ಕಡೆ ಇಟ್ಟುಕೊಳ್ಳಿ. ದೂರಿಗೆ ಅದರ ಪ್ರಿಂಟ್ ಲಗತ್ತಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರವನ್ನೂ (ಈ ಪ್ರಿಂಟ್ ಆ ಫೋನಿನದೇ ಎಂಬ ಹೇಳಿಕೆ) ಜೊತೆಗಿಡಿ. ಅದರ ಎ ಭಾಗಕ್ಕೆ ಆ ಫೋನ್ ಬಳಸುವ ನಿಮ್ಮ ಯಜಮಾನರು ಸಹಿ ಹಾಕಬೇಕು, ಬಿ ಭಾಗಕ್ಕೆ ತಜ್ಞರೊಬ್ಬರ ಸಹಿ ಬೇಕು.